ಒಂಬತ್ತು ಸಮಿತಿಗಳಲ್ಲಿ ನನ್ನ ಹೆಸರಿದೆ, ಯಾವುದನ್ನು ಬಿಡಲಿ?

ಪ್ರಶ್ನೆ: ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ. ಪ್ರೊಬೆಷನ್ (ಪರೀಕ್ಷಾರ್ಥ ಸೇವಾವಧಿ) ಮುಗಿದ ಘೋಷಣೆ ಇನ್ನೂ ಆಗಿಲ್ಲ. ವಿಭಾಗದಲ್ಲಿ ಕಾಯಂ ಇರುವವಳು ನಾನೊಬ್ಬಳೇ, ಉಳಿದ ಇಬ್ಬರೂ ಅತಿಥಿ ಉಪನ್ಯಾಸಕರು. ಈ ವರ್ಷದ ಪಟ್ಟಿಯಲ್ಲಿ ಒಂಬತ್ತು ಕಡೆ ನನ್ನ ಹೆಸರಿದೆ: ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶ), ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ಐದನೇ ಮಾನದಂಡ, ಎನ್ಎಸ್ಎಸ್, ರ‍್ಯಾಗಿಂಗ್ ತಡೆ, ವಿದ್ಯಾರ್ಥಿ ಕುಂದುಕೊರತೆ, ಖರೀದಿ, ಸಾಂಸ್ಕೃತಿಕ, ವೇಳಾಪಟ್ಟಿ, ಜೊತೆಗೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ದೂರು ಸಮಿತಿಯ ಅಧ್ಯಕ್ಷತೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ನೋಂದಣಿ ಮಾಡಿಸಿದ್ದೇನೆ, ಆದರೆ ತಿಂಗಳುಗಳಿಂದ ಒಂದು ಪುಟವೂ ಮುಂದೆ ಹೋಗಿಲ್ಲ. "ಸಮಿತಿ ಹೆಚ್ಚಿದ್ದಷ್ಟೂ ಬಡ್ತಿಗೆ ಒಳ್ಳೆಯದು" ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಈಗ ನ್ಯಾಕ್ ತಯಾರಿಗೆಂದು ಕಳೆದ ಮೂರು ವರ್ಷದ ಐಕ್ಯೂಎಸಿ ನಡಾವಳಿಗಳನ್ನು ಒಟ್ಟಿಗೆ ಬರೆದು ನನ್ನ ಸಹಿ ಕೇಳುತ್ತಿದ್ದಾರೆ. ಅದರಲ್ಲಿ ಅರ್ಧದಷ್ಟು ಸಭೆಗಳ ಹೊತ್ತಿಗೆ ನಾನು ಸೇವೆಗೇ ಸೇರಿರಲಿಲ್ಲ. ಒಲ್ಲೆ ಎಂದರೆ ಪ್ರೊಬೆಷನ್‌ಗೆ ತೊಂದರೆಯಾಗುತ್ತದೆಯೇ? ಒಪ್ಪಿದರೆ ಏನಾಗುತ್ತದೆ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಮೂರು ವಿಷಯ ಸಿಕ್ಕುಹಾಕಿಕೊಂಡಿವೆ. ಕೆಲಸದ ಹೊರೆ ಒಂದು, ಬಡ್ತಿಯ ಲೆಕ್ಕ ಇನ್ನೊಂದು, ಸಹಿಯ ಪ್ರಶ್ನೆ ಮೂರನೆಯದು. ಹೊರೆಯ ವಿಚಾರದಲ್ಲಿ ಮಾತುಕತೆಗೆ ಜಾಗ ಇದೆ. ಸಹಿಯ ವಿಚಾರದಲ್ಲಿ ಇಲ್ಲ. ಬಡ್ತಿಯ ವಿಚಾರದಲ್ಲಿ ನಿಮಗೆ ಹೇಳಿರುವುದು ಹೆಚ್ಚುಕಡಿಮೆ ತಪ್ಪು, ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ಬಡ್ತಿಗೆ ಆಧಾರ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಜುಲೈ 18ರ ನಿಯಮಾವಳಿ. ಅದರಲ್ಲಿ ಕಾಲೇಜು ಅಧ್ಯಾಪಕರ ವಾರ್ಷಿಕ ಮೌಲ್ಯಮಾಪನಕ್ಕೆ ಎರಡೇ ಅಂಶ: ಬೋಧನೆ ಮತ್ತು ಚಟುವಟಿಕೆ. ನಿಮಗೆ ಹಂಚಿದ ತರಗತಿಗಳಲ್ಲಿ ಶೇ. 80 ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ 'ಉತ್ತಮ', 70ರಿಂದ 80ರ ಒಳಗಿದ್ದರೆ 'ತೃಪ್ತಿಕರ', 70ಕ್ಕಿಂತ ಕೆಳಗಿಳಿದರೆ 'ತೃಪ್ತಿಕರವಲ್ಲ'. ಚಟುವಟಿಕೆಯಲ್ಲಿ ಮೂರು ಅಥವಾ ಹೆಚ್ಚು ಮಾಡಿದ್ದರೆ 'ಉತ್ತಮ', ಒಂದೆರಡಿದ್ದರೆ 'ತೃಪ್ತಿಕರ'. ಬೋಧನೆ 'ಉತ್ತಮ' ಆಗಿದ್ದು ಚಟುವಟಿಕೆ 'ತೃಪ್ತಿಕರ' ಆಗಿದ್ದರೂ ಆ ವರ್ಷದ ಒಟ್ಟು ಶ್ರೇಣಿ 'ಉತ್ತಮ'ವೇ. ಒಂಬತ್ತಕ್ಕೆ ಮೂರಕ್ಕಿಂತ ಹೆಚ್ಚಿನ ಬೆಲೆ ಅಲ್ಲಿಲ್ಲ.

ಚಟುವಟಿಕೆ ಎಂದರೆ ಏನೆಂಬುದನ್ನೂ ಓದಿ ನೋಡಿ. ಮುಖ್ಯಸ್ಥರು, ಸಂಯೋಜಕರು, ವಾರ್ಡನ್ ಮುಂತಾದ ಆಡಳಿತ ಜವಾಬ್ದಾರಿ ಒಂದು ಬಗೆ. ಪರೀಕ್ಷೆ ಮತ್ತು ಮೌಲ್ಯಮಾಪನದ ಕೆಲಸ ಇನ್ನೊಂದು. ಎನ್ಎಸ್ಎಸ್, ಎನ್‌ಸಿಸಿ, ವಿದ್ಯಾರ್ಥಿ ಸಂಘ, ಕ್ರೀಡೆ, ಸಾಂಸ್ಕೃತಿಕ ಕೆಲಸಗಳು ಮತ್ತೊಂದು. ವಿಚಾರ ಸಂಕಿರಣ ನಡೆಸುವುದು, ಸಂಶೋಧನಾ ಯೋಜನೆ, ಮಾನ್ಯತೆ ಪಡೆದ ನಿಯತಕಾಲಿಕೆಯಲ್ಲಿ ಒಂದು ಪ್ರಬಂಧ, ಇವೂ ಪಟ್ಟಿಯಲ್ಲಿವೆ. ವಿಶ್ವವಿದ್ಯಾಲಯದ ಪರೀಕ್ಷಾ ಕೆಲಸ ನಿಮಗೆ ಹೇಗಿದ್ದರೂ ತಪ್ಪುವುದಿಲ್ಲ, ಅದು ಒಂದಾಯಿತು. ಎನ್ಎಸ್ಎಸ್ ಎರಡಾಯಿತು. ವಿಭಾಗದಲ್ಲಿ ಕಾಯಂ ನೀವೊಬ್ಬರೇ ಆಗಿರುವುದರಿಂದ ಮುಖ್ಯಸ್ಥರ ಹೊಣೆ ಆದೇಶದ ಮೂಲಕ ನಿಮ್ಮ ಮೇಲಿದ್ದರೆ ಮೂರೂ ಮುಗಿಯಿತು. ಉಳಿದದ್ದೆಲ್ಲ ಬಡ್ತಿಯ ದೃಷ್ಟಿಯಿಂದ ಬೋನಸ್ಸೂ ಅಲ್ಲ.

ಇನ್ನು ಕಳೆದುಕೊಳ್ಳುವ ಲೆಕ್ಕ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. 30 ವಾರಕ್ಕೆ 480 ಗಂಟೆ. 96 ಗಂಟೆಗಿಂತ ಹೆಚ್ಚು ತಪ್ಪಿದರೆ ನೀವು 'ಉತ್ತಮ'ದಿಂದ ಇಳಿಯುತ್ತೀರಿ, 144 ದಾಟಿದರೆ ಆ ವರ್ಷವೇ ಬಡ್ತಿ ಲೆಕ್ಕದಿಂದ ಹೊರಗೆ. ವಾರಕ್ಕೆ ಎರಡು ತರಗತಿ ಮೀಟಿಂಗಿಗೆ ಹೋದರೆ ವರ್ಷಕ್ಕೆ 60 ಗಂಟೆ. ಏಳು ದಿನದ ಎನ್ಎಸ್ಎಸ್ ವಿಶೇಷ ಶಿಬಿರದಲ್ಲಿ ಇನ್ನೊಂದು 16, ನ್ಯಾಕ್ ತಿಂಗಳಲ್ಲಿ ಒಂದಿಪ್ಪತ್ತು. ಅಂಚಿಗೆ ಬಂದು ನಿಂತಂತೆಯೇ. ನಮ್ಮ ಕಡೆ ಇದಕ್ಕೆ ಮಳೆಯೂ ಸೇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ರಜೆ ಘೋಷಣೆಯಾದ ದಿನಗಳ ಪಾಠವನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ಸರಿದೂಗಿಸಬೇಕು, ಸಮಿತಿ ಸಭೆಗಳೂ ಬಂದು ಕೂರುವುದು ಅದೇ ಶನಿವಾರ ಮಧ್ಯಾಹ್ನಕ್ಕೆ. ಆದ್ದರಿಂದ ಸಭೆಗೆ ಹೋಗಿ ತಪ್ಪಿದ ಪ್ರತಿ ತರಗತಿಯನ್ನೂ ಮತ್ತೆ ತೆಗೆದುಕೊಂಡು, ವರ್ಕ್ ಡೈರಿಯಲ್ಲಿ 'ಇಂಥ ದಿನದ ಬದಲಿಗೆ' ಎಂದು ಬರೆದು ಪ್ರಾಂಶುಪಾಲರ ಸಹಿ ಹಾಕಿಸಿಡಿ. ಪ್ರಸೂತಿ ರಜೆ, ಮಕ್ಕಳ ಪಾಲನಾ ರಜೆ, ಅಧ್ಯಯನ ರಜೆ, ವೈದ್ಯಕೀಯ ರಜೆಗಳ ಅವಧಿಯನ್ನು ನಿಯಮವೇ ಮೌಲ್ಯಮಾಪನದಿಂದ ಹೊರಗಿಡುತ್ತದೆ. ಸಮಿತಿ ಸಭೆಗೆ ಅಂಥ ವಿನಾಯಿತಿ ಇಲ್ಲ.

ಇದಕ್ಕಿಂತ ದೊಡ್ಡ ನಷ್ಟ ನಿಮ್ಮ ಪಿಎಚ್‌ಡಿಯದು. ವೇತನ ಶ್ರೇಣಿಯ 10ನೇ ಹಂತದಿಂದ 11ಕ್ಕೆ ಹೋಗಲು ಪಿಎಚ್‌ಡಿ ಇದ್ದರೆ ನಾಲ್ಕು ವರ್ಷದ ಸೇವೆ ಸಾಕು, ಪಿಎಚ್‌ಡಿಯೂ ಎಂಫಿಲ್ಲೂ ಇಲ್ಲದಿದ್ದರೆ ಆರು. ಮುಂದೆ ಸಹ ಪ್ರಾಧ್ಯಾಪಕ ಹುದ್ದೆಗೆ, ಅಂದರೆ 13ಎ ಹಂತಕ್ಕೆ, ಪಿಎಚ್‌ಡಿ ಇಲ್ಲದೆ ಹೋಗುವಂತೆಯೇ ಇಲ್ಲ. ಸಮಿತಿ ಹೆಚ್ಚಿದ್ದಷ್ಟೂ ಬಡ್ತಿಗೆ ಒಳ್ಳೆಯದು ಎಂಬ ಮಾತನ್ನು ಈ ಎರಡು ವರ್ಷದ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ನಿಮ್ಮ ತಲೆಗೇ ಏಕೆ ಎಲ್ಲ ಕಟ್ಟಿದರು? ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂಬ ಧೋರಣೆ ಸ್ವಲ್ಪ ಇರಬಹುದು, ಆದರೆ ಮುಖ್ಯ ಕಾರಣ ಅದಲ್ಲ. ಯುಜಿಸಿಯ ಒಂದೊಂದು ನಿಯಮಾವಳಿಯೂ ಒಂದೊಂದು ಸಮಿತಿ ಕೇಳುತ್ತದೆ, ನ್ಯಾಕ್ ಏಳು ಮಾನದಂಡಗಳಿಗೂ ದಾಖಲೆ ಕೇಳುತ್ತದೆ, ಇಲಾಖೆಯ ಸುತ್ತೋಲೆಗಳು ಇನ್ನಷ್ಟನ್ನು ಸೇರಿಸುತ್ತವೆ. ಸಣ್ಣ ಕಾಲೇಜಿನಲ್ಲಿ ಕಾಯಂ ಅಧ್ಯಾಪಕರು ಬೆರಳೆಣಿಕೆಯಷ್ಟು. ಅತಿಥಿ ಉಪನ್ಯಾಸಕರ ನೇಮಕ ವರ್ಷ ವರ್ಷಕ್ಕೆ ಬದಲಾಗುವುದರಿಂದ ಹೊಣೆಯ ಜಾಗದಲ್ಲಿ ಅವರ ಹೆಸರು ಬರೆಯಲು ಪ್ರಾಂಶುಪಾಲರು ಹಿಂಜರಿಯುತ್ತಾರೆ. ಕೆಲಸವನ್ನು ಮಾತ್ರ ಅವರಿಂದಲೇ ಮಾಡಿಸುತ್ತಾರೆ, ಅದು ಬೇರೆ ಮಾತು. ಎಷ್ಟೋ ಕಡೆ ಸಮಿತಿ ಪಟ್ಟಿಯೇ ದೊಡ್ಡ ಊರಿನ, ಎಪ್ಪತ್ತು ಎಂಬತ್ತು ಅಧ್ಯಾಪಕರಿರುವ ಕಾಲೇಜಿನದನ್ನು ನೋಡಿ ಬರೆದದ್ದಾಗಿರುತ್ತದೆ. ಹನ್ನೆರಡು ಜನರ ಕಾಲೇಜಿಗೆ ಮೂವತ್ತು ಸಮಿತಿ ಬಂದರೆ, ಒಂದಕ್ಕೆ ಮೂವರೆಂದರೂ ತಲೆಗೆ ಏಳೆಂಟು ಬೀಳಲೇಬೇಕು. ನಿಮ್ಮ ಪ್ರಾಂಶುಪಾಲರನ್ನು ಎದುರಾಳಿ ಎಂದುಕೊಳ್ಳುವ ಮೊದಲು ಇದನ್ನು ಗಮನದಲ್ಲಿಡಿ. ಅವರಿಗೂ ಬೇಕಾಗಿರುವುದು ನಡೆಯುವಂಥ ಒಂದು ಪಟ್ಟಿ.

ಪಟ್ಟಿಯಲ್ಲಿರುವ ಒಂಬತ್ತೂ ಒಂದೇ ತೂಕದವಲ್ಲ. ಸಾಂಸ್ಕೃತಿಕ ಸಮಿತಿಯಲ್ಲಿ ತಪ್ಪಾದರೆ ಕಾರ್ಯಕ್ರಮ ತಡವಾಗುತ್ತದೆ. ಆಂತರಿಕ ದೂರು ಸಮಿತಿಯಲ್ಲಿ ತಪ್ಪಾದರೆ ದೂರು ಕೊಟ್ಟ ಹುಡುಗಿಗೆ ನ್ಯಾಯ ತಪ್ಪುತ್ತದೆ, ನೀವು ಕೋರ್ಟಿನಲ್ಲಿ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಅದನ್ನೇ.

2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿಯ ಅಧ್ಯಕ್ಷೆ ಹಿರಿಯ ಮಟ್ಟದ ಮಹಿಳಾ ಉದ್ಯೋಗಿಯಾಗಿರಬೇಕು. ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಯುಜಿಸಿ 2015ರಲ್ಲಿ ಹೊರಡಿಸಿದ ನಿಯಮಾವಳಿ ಇನ್ನೂ ಸ್ಪಷ್ಟ: ಕಾಲೇಜಿನಲ್ಲಾದರೆ ಸಹ ಪ್ರಾಧ್ಯಾಪಕ ಅಥವಾ ರೀಡರ್ ಹುದ್ದೆಗಿಂತ ಕೆಳಗಿನವರು ಅಧ್ಯಕ್ಷರಾಗುವಂತಿಲ್ಲ. ನೀವು ಸಹಾಯಕ ಪ್ರಾಧ್ಯಾಪಕಿ, ಹಾಗಾಗಿ ನಿಮ್ಮ ನೇಮಕ ನಿಯಮಕ್ಕೆ ಹೊಂದುವುದಿಲ್ಲ. ಅದೇ ನಿಯಮಾವಳಿ ಆಡಳಿತದ ಹಿರಿಯ ಸ್ಥಾನದಲ್ಲಿರುವವರು, ವಿಭಾಗ ಮುಖ್ಯಸ್ಥರೂ ಸೇರಿದಂತೆ, ಸಮಿತಿಯ ಸದಸ್ಯರಾಗಬಾರದು ಎನ್ನುತ್ತದೆ. ಸಮಿತಿ ಯಾರ ಒತ್ತಡಕ್ಕೂ ಸಿಗಬಾರದು ಎಂಬುದು ಉದ್ದೇಶ. ಒಬ್ಬರೇ ಕಾಯಂ ಇರುವ ವಿಭಾಗಗಳಲ್ಲಿ ಎಲ್ಲರೂ ಮುಖ್ಯಸ್ಥರೇ ಆಗಿರುತ್ತಾರೆ, ನಮ್ಮ ಸಣ್ಣ ಕಾಲೇಜುಗಳ ಕಷ್ಟ ಅಲ್ಲಿದೆ. ಪ್ರಾಂಶುಪಾಲರೇ ಅಧ್ಯಕ್ಷರಾಗಿರುವ ಆಂತರಿಕ ಸಮಿತಿಗಳೂ ಸಿಗುತ್ತವೆ. ಅವು ಫಲಕದ ಮೇಲಷ್ಟೇ ಸಮಿತಿ.

ದಾರಿ ಕಾಯ್ದೆಯಲ್ಲೇ ಇದೆ. ಹಿರಿಯ ಮಹಿಳೆ ಆ ಕಚೇರಿಯಲ್ಲಿ ಸಿಗದಿದ್ದರೆ ಅದೇ ಉದ್ಯೋಗದಾತರ ಬೇರೆ ಕಚೇರಿ ಅಥವಾ ಘಟಕದಿಂದ ಅಧ್ಯಕ್ಷೆಯನ್ನು ನೇಮಿಸಬಹುದು. ಸರ್ಕಾರಿ ಕಾಲೇಜುಗಳಿಗೆ ಇದು ಕಷ್ಟವಲ್ಲ. ಪಕ್ಕದ ತಾಲ್ಲೂಕಿನ ಅಥವಾ ಶಿವಮೊಗ್ಗದ ಸರ್ಕಾರಿ ಕಾಲೇಜಿನ ಸಹ ಪ್ರಾಧ್ಯಾಪಕಿಯೊಬ್ಬರನ್ನು ಕೊಡಿ ಎಂದು ಪ್ರಾಂಶುಪಾಲರು ಕಾಲೇಜು ಶಿಕ್ಷಣ ಇಲಾಖೆಯ ಶಿವಮೊಗ್ಗದ ಜಂಟಿ ನಿರ್ದೇಶಕರಿಗೆ ಬರೆದರಾಯಿತು. ಉಳಿದ ರಚನೆಯನ್ನೂ ಅದೇ ಪತ್ರದೊಂದಿಗೆ ಸರಿಮಾಡಿಸಿ: ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರರು, ಮಹಿಳಾ ಪರ ಕೆಲಸ ಮಾಡುವ ಸಂಸ್ಥೆಯ ಅಥವಾ ಈ ವಿಷಯ ಬಲ್ಲ ಹೊರಗಿನ ಒಬ್ಬರು, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತ ಮೂವರು ವಿದ್ಯಾರ್ಥಿಗಳು, ಒಟ್ಟಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಅವಧಿ ಮೂರು ವರ್ಷ. ಹೊರಗಿನ ಸದಸ್ಯರು ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಜಿಲ್ಲಾ ಕೇಂದ್ರದಿಂದ ಕರೆಸಿದರೆ ಬಸ್ಸಿನ ಸಮಯ ನೋಡಿ ಸಭೆ ಇಡಿ, ಅವರ ಶುಲ್ಕ ಮತ್ತು ಪ್ರಯಾಣ ವೆಚ್ಚವನ್ನು ಕಾಲೇಜೇ ಭರಿಸಬೇಕು. 'ಮಹಿಳಾ ಘಟಕ ಇದೆಯಲ್ಲ, ಅದೇ ಸಾಕು' ಎನ್ನುವುದು ಬಹಳ ಕಡೆ ಕೇಳಿಬರುವ ತಪ್ಪು ತಿಳಿವಳಿಕೆ. ಮಹಿಳಾ ದಿನಾಚರಣೆ ಮಾಡುವ ಘಟಕಕ್ಕೆ ವಿಚಾರಣೆ ನಡೆಸುವ ಅಧಿಕಾರವಿಲ್ಲ.

ರಚನೆಯಲ್ಲಿ ಲೋಪವಿದ್ದರೆ ಏನಾಗುತ್ತದೆ? ದೂರು ಬರುವವರೆಗೆ ಏನೂ ಆಗುವುದಿಲ್ಲ. ಬಂದ ದಿನ ಎದುರು ಪಕ್ಷದ ವಕೀಲರು ಎತ್ತುವ ಮೊದಲ ಆಕ್ಷೇಪವೇ ಅದು. ಅವಧಿಗಳೂ ಬಿಗಿ: ದೂರಿನ ಪ್ರತಿ ಏಳು ದಿನದೊಳಗೆ ಎದುರುದಾರರಿಗೆ, ಅವರ ಉತ್ತರ ಹತ್ತು ದಿನದೊಳಗೆ, ವಿಚಾರಣೆ 90 ದಿನದೊಳಗೆ, ವರದಿ ಮುಂದಿನ ಹತ್ತು ದಿನದೊಳಗೆ. ಯುಜಿಸಿ ನಿಯಮದಂತೆ ವರದಿಯ ಮೇಲೆ ಕ್ರಮ 30 ದಿನದೊಳಗೆ. ಹಾಗೆಂದು ಆತುರಪಟ್ಟರೂ ಕೆಲಸ ಕೆಡುತ್ತದೆ. ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಸಮಿತಿ ಕೊನೆಕೊನೆಗೆ ಅವಸರದಿಂದ ವಿಚಾರಣೆ ಮುಗಿಸಿತೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ವಜಾ ಆದೇಶವನ್ನೇ ರದ್ದುಮಾಡಿ, ಪ್ರಕರಣವನ್ನು ಸಮಿತಿಗೆ ವಾಪಸು ಕಳುಹಿಸಿತು. ಇಷ್ಟು ಹೊಣೆಯ ಜಾಗದಲ್ಲಿ ಅರ್ಹತೆಯೇ ಇಲ್ಲದೆ ಕೂರುವುದು ನಿಮಗೂ ಅಪಾಯ, ದೂರುದಾರಳಿಗೂ ಅನ್ಯಾಯ. ನಾಳೆಯೇ ದೂರು ಬಂದರೆ ಮಾತ್ರ ಸ್ವೀಕರಿಸದೆ ಇರಬೇಡಿ. ದಿನಾಂಕ ಹಾಕಿ ಸ್ವೀಕೃತಿ ಕೊಡಿ, ಗೋಪ್ಯವಾಗಿಡಿ, ಸಮಿತಿಯನ್ನು ಕೂಡಲೇ ಸರಿಯಾಗಿ ರಚಿಸಬೇಕೆಂದು ಪ್ರಾಂಶುಪಾಲರಿಗೆ ಅಂದೇ ಬರೆಯಿರಿ. ಆ ಪತ್ರದಲ್ಲಿ ದೂರುದಾರಳ ಹೆಸರು ಬೇಡ.

ವಿದ್ಯಾರ್ಥಿ ಕುಂದುಕೊರತೆ ಸಮಿತಿಯದೂ ಇದೇ ಕಥೆ. 2023ರ ಯುಜಿಸಿ ನಿಯಮದಂತೆ ಅಧ್ಯಕ್ಷರು ಪ್ರಾಧ್ಯಾಪಕರು, ಸದಸ್ಯರು ನಾಲ್ವರು ಪ್ರಾಧ್ಯಾಪಕರು ಅಥವಾ ಹಿರಿಯ ಅಧ್ಯಾಪಕರು, ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿ. ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಪ್ರೊಬೆಷನ್‌ನಲ್ಲಿರುವವರನ್ನು ಹಿರಿಯ ಅಧ್ಯಾಪಕರೆಂದು ಕರೆಯಲಾಗದು. ಹೀಗೆ ಒಂಬತ್ತರಲ್ಲಿ ಎರಡು ನಿಮ್ಮ ಇಷ್ಟಾನಿಷ್ಟದ ಪ್ರಶ್ನೆಯೇ ಇಲ್ಲದೆ, ನಿಯಮದ ಕಾರಣಕ್ಕೇ ಕಳಚಿಕೊಳ್ಳಬೇಕಾದವು.

ರ‍್ಯಾಗಿಂಗ್ ತಡೆಯಲ್ಲಿ ಸಮಿತಿ ಬೇರೆ, ಸ್ಕ್ವಾಡ್ ಬೇರೆ. 2009ರ ನಿಯಮದಂತೆ ಸಮಿತಿಗೆ ಪ್ರಾಂಶುಪಾಲರೇ ಮುಖ್ಯಸ್ಥರು. ಪೊಲೀಸ್, ತಾಲ್ಲೂಕು ಆಡಳಿತ, ಪತ್ರಕರ್ತರು, ಪೋಷಕರು, ಹಿರಿಕಿರಿಯ ವಿದ್ಯಾರ್ಥಿಗಳು ಎಲ್ಲರೂ ಅದರಲ್ಲಿರುತ್ತಾರೆ, ಸಭೆ ಅಪರೂಪ. ಹಾಸ್ಟೆಲ್ ಸುತ್ತುವುದು, ದಿಢೀರ್ ತಪಾಸಣೆ ಮಾಡುವುದು ಸ್ಕ್ವಾಡಿನ ಕೆಲಸ. ನಿಮ್ಮ ಆದೇಶದಲ್ಲಿ ಯಾವುದು ಬರೆದಿದೆ ನೋಡಿ. ನಮ್ಮ ಕಡೆಯ ಮಕ್ಕಳು ಹೆಚ್ಚಾಗಿ ಇರುವುದು ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ. ಅಲ್ಲಿನ ವಾರ್ಡನ್ ನಿಮ್ಮ ಪ್ರಾಂಶುಪಾಲರಿಗೆ ಉತ್ತರದಾಯಿಯಲ್ಲ. ವಾರ್ಡನ್ ಒಬ್ಬರನ್ನು ಸಮಿತಿಗೆ ಆಹ್ವಾನಿಸಿ ಫೋನ್ ನಂಬರು ಬರೆದುಕೊಳ್ಳದಿದ್ದರೆ ರಾತ್ರಿ ಹತ್ತಕ್ಕೆ ಕರೆ ಬಂದಾಗ ಗೇಟಿನ ಹೊರಗೆ ನಿಲ್ಲಬೇಕಾಗುತ್ತದೆ.

ಖರೀದಿ ಸಮಿತಿಯ ಬಗ್ಗೆ ಜನ ಸುಮ್ಮನೆ ಹೆದರುತ್ತಾರೆ, ಹೆದರಬೇಕಾದ ಜಾಗದಲ್ಲಿ ಹೆದರುವುದಿಲ್ಲ. ದರಪಟ್ಟಿ ತೆರೆಯುವ ದಿನ ಎಲ್ಲರೂ ಹುಷಾರಾಗಿರುತ್ತಾರೆ. ಕೆಡುವುದು ಮಾರ್ಚ್ ಕೊನೆಯ ವಾರದಲ್ಲಿ, ಸಾಮಾನು ಬರುವ ಮೊದಲೇ ಬಿಲ್ಲಿನ ಹಿಂಬದಿ 'ಸುಸ್ಥಿತಿಯಲ್ಲಿ ಸ್ವೀಕರಿಸಿ ದಾಸ್ತಾನು ವಹಿಗೆ ತೆಗೆದುಕೊಳ್ಳಲಾಗಿದೆ' ಎಂಬ ಸೀಲಿನ ಕೆಳಗೆ ಸಹಿ ಹಾಕುವಾಗ. ಮೂರು ದರಪಟ್ಟಿಗಳಿದ್ದರೆ ಅವುಗಳ ಜಿಎಸ್‌ಟಿ ಸಂಖ್ಯೆ, ವಿಳಾಸ, ಅಕ್ಷರ ವಿನ್ಯಾಸ ಹೋಲಿಸಿ ನೋಡಿ. ಮೂರರಲ್ಲೂ ಒಂದೇ ಕಾಗುಣಿತದ ತಪ್ಪಿದ್ದರೆ ಅವು ಒಂದೇ ಅಂಗಡಿಯಲ್ಲಿ ಹುಟ್ಟಿದವು. ಪೆಟ್ಟಿಗೆ ಒಡೆದು, ಮಾದರಿ ಮತ್ತು ಸೀರಿಯಲ್ ಸಂಖ್ಯೆಯನ್ನು ಬಿಲ್ಲಿಗೆ ತಾಳೆ ನೋಡಿ, ದಾಸ್ತಾನು ವಹಿಯ ಪುಟ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆದ ಮೇಲಷ್ಟೇ ಸಹಿ. ಒಪ್ಪಿಗೆ ಇಲ್ಲದಿದ್ದರೆ ಸುಮ್ಮನೆ ಎದ್ದು ಬರಬೇಡಿ, ತುಲನಾತ್ಮಕ ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಭಿನ್ನಾಭಿಪ್ರಾಯ ಬರೆದು ದಿನಾಂಕ ಹಾಕಿ. ಪ್ರೊಬೆಷನ್ ಮುಗಿಯುವವರೆಗೆ ಈ ಸಮಿತಿ ನಿಮಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಈಗ ನಡಾವಳಿಗಳ ವಿಷಯ. ಐಕ್ಯೂಎಸಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನ್ಯಾಕ್ ಮಾರ್ಗಸೂಚಿ ಹೇಳುತ್ತದೆ, ಕೋರಂ (ಹಾಜರಿರಲೇಬೇಕಾದ ಸದಸ್ಯರು) ಮೂರನೇ ಎರಡು ಭಾಗ. ಅಂದರೆ ಮೂರು ವರ್ಷಕ್ಕೆ ಹನ್ನೆರಡು ಸಭೆ. ನಿಮ್ಮ ಮುಂದೆ ಇಟ್ಟಿರುವುದು ಬಹುಶಃ ಆ ಹನ್ನೆರಡನ್ನೇ. ಇದಕ್ಕೆ ಸಹಿ ಹಾಕಬೇಡಿ. ನೀವು ಸೇವೆಗೆ ಸೇರುವ ಮೊದಲಿನ ಸಭೆಯ ಹಾಜರಾತಿಯಲ್ಲಿ ನಿಮ್ಮ ಸಹಿ ಇದ್ದರೆ ಅದನ್ನು ಸುಳ್ಳೆಂದು ಸಾಬೀತು ಮಾಡಲು ನಿಮ್ಮ ಸೇವಾ ಪುಸ್ತಕದ ಮೊದಲ ಪುಟ ಸಾಕು. ಸೇರಿದ ನಂತರದ, ಆದರೆ ನಡೆಯದ ಸಭೆಗಳಿಗೂ ಇದೇ ಮಾತು.

ಒಂದೇ ವಾರದಲ್ಲಿ ಬರೆದ ನಡಾವಳಿ ಪುಸ್ತಕ ಹೇಗೆ ಸಿಕ್ಕಿಬೀಳುತ್ತದೆ ಎಂಬುದೂ ಗೊತ್ತಿರಲಿ. ಹನ್ನೆರಡು ಸಭೆಗೂ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಒತ್ತು. ಸಭೆಯ ದಿನಾಂಕ ಕ್ಯಾಲೆಂಡರಿನಲ್ಲಿ ಭಾನುವಾರ, ಇಲ್ಲವೇ ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ. ಹಾಜರಿದ್ದಾರೆಂದು ಬರೆದವರು ಆ ದಿನ ಮೌಲ್ಯಮಾಪನಕ್ಕೆ ಹೊರ ಕರ್ತವ್ಯದ (ಒಒಡಿ) ಮೇಲೆ ಶಿವಮೊಗ್ಗದಲ್ಲಿ. ಹೊರಗಿನ ಸದಸ್ಯರಿಗೆ ಕಳುಹಿಸಿದ ಸಭಾ ಸೂಚನೆ ರವಾನೆ ವಹಿಯಲ್ಲೇ ಇಲ್ಲ. ಹಿಂದಿನ ವರ್ಷಗಳ ವಾರ್ಷಿಕ ಗುಣಮಟ್ಟ ವರದಿಯಲ್ಲಿ ಎರಡು ಸಭೆ ಎಂದು ಆಗಲೇ ಕಳುಹಿಸಿದ್ದಾರೆ, ಪುಸ್ತಕದಲ್ಲಿ ಈಗ ನಾಲ್ಕು. ತಪಾಸಣೆಗೆ ಬರುವವರೂ ಅಧ್ಯಾಪಕರೇ, ಇದೆಲ್ಲ ಅವರ ಕಾಲೇಜಿನಲ್ಲೂ ನಡೆದಿರುತ್ತದೆ. ಅವರು ಕಂಡೂ ಕಾಣದಂತೆ ಹೋದರೂ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಆ ಪುಸ್ತಕದ ಪ್ರತಿ ಕೇಳಬಹುದು. ಆಗ ಉತ್ತರಿಸಬೇಕಾದವರು ಸಹಿ ಹಾಕಿದವರು, 'ಮೇಲಿನವರು ಹೇಳಿದರು' ಎಂಬುದಕ್ಕೆ ಇಲಾಖಾ ವಿಚಾರಣೆಯಲ್ಲಿ ಬೆಲೆಯಿಲ್ಲ.

ಬರೀ ಆಗುವುದಿಲ್ಲ ಎಂದರೆ ಪ್ರಾಂಶುಪಾಲರ ತಲೆನೋವು ಹಾಗೇ ಉಳಿಯುತ್ತದೆ, ಆದ್ದರಿಂದ ಜೊತೆಗೆ ಬದಲಿ ದಾರಿಯನ್ನೂ ಕೊಡಿ. ಈ ವಾರವೇ ನಿಜವಾದ ಒಂದು ಸಭೆ ಕರೆಯಿರಿ, ಅದು ನಡೆದ ದಿನದ ದಿನಾಂಕವನ್ನೇ ಹಾಕಿ. ಅದರ ಒಂದು ವಿಷಯ: 'ಹಿಂದಿನ ಅವಧಿಯಲ್ಲಿ ಐಕ್ಯೂಎಸಿ ಅಡಿ ನಡೆದ ಕಾರ್ಯಕ್ರಮಗಳ ಪರಿಶೀಲನೆ'. ನಡೆದ ಕೆಲಸ ಖಂಡಿತ ಇರುತ್ತದೆ: ಕಾರ್ಯಾಗಾರ, ಪ್ರತಿಕ್ರಿಯೆ ನಮೂನೆಗಳು, ಸುತ್ತೋಲೆಗಳು, ದಿನಾಂಕ ಇರುವ ಫೋಟೋಗಳು, ಪತ್ರಿಕಾ ವರದಿಗಳು. ಅವನ್ನೆಲ್ಲ ವರ್ಷವಾರು ಒಟ್ಟುಮಾಡಿ 'ಲಭ್ಯ ದಾಖಲೆಗಳ ಆಧಾರದ ಮೇಲೆ ಇಂದು ಸಿದ್ಧಪಡಿಸಿದ ವರದಿ' ಎಂದೇ ಶೀರ್ಷಿಕೆ ಕೊಟ್ಟು ಸಭೆಯ ಮುಂದಿಡಿ. ಸಭೆ ನಿಜವಾಗಿ ನಡೆದಿದ್ದು ಬರೆಯುವುದು ಮಾತ್ರ ಬಿಟ್ಟುಹೋಗಿದ್ದರೆ, ಅಂದು ಹಾಜರಿದ್ದವರೇ ಇಂದಿನ ದಿನಾಂಕದ ಟಿಪ್ಪಣಿಯಲ್ಲಿ ಅದನ್ನು ದಾಖಲಿಸಿ ಸಹಿ ಹಾಕಲಿ. ಮುಂದಿನ ವರ್ಷದ ನಾಲ್ಕು ಸಭೆಗಳ ದಿನಾಂಕವನ್ನು ಅದೇ ಸಭೆಯಲ್ಲಿ ನಿಗದಿಮಾಡಿ. ಸಭೆಗಳು ಸರಿಯಾಗಿ ನಡೆದಿಲ್ಲ ಎಂಬ ಸತ್ಯಕ್ಕೆ ನ್ಯಾಕ್‌ನಲ್ಲಿ ಕೆಲವು ಅಂಕ ಹೋಗಬಹುದು. ಅದನ್ನು ಕಾಲೇಜು ತಡೆದುಕೊಳ್ಳುತ್ತದೆ.

ಕೊನೆಗೆ ನಿಮ್ಮ ನೇರ ಪ್ರಶ್ನೆ, ಒಲ್ಲೆ ಎನ್ನಬಹುದೇ? ಲಿಖಿತ ಕಚೇರಿ ಆದೇಶ ಬಂದಿದ್ದರೆ ಅದು ಕರ್ತವ್ಯ. ಬಾಯಿಮಾತಿನಲ್ಲಿ ನಿರಾಕರಿಸುವುದು, ಸಭೆಗೆ ಹೋಗದೆ ತಪ್ಪಿಸಿಕೊಳ್ಳುವುದು, ಎರಡೂ ಪ್ರೊಬೆಷನ್‌ನಲ್ಲಿರುವವರಿಗೆ ಒಳ್ಳೆಯದಲ್ಲ, ಸೇವಾ ವರದಿಯಲ್ಲಿ 'ಸಹಕಾರವಿಲ್ಲ' ಎಂಬ ಒಂದು ಸಾಲು ಸಾಕು ಗೋಳಾಡಲು. ಎಲ್ಲವನ್ನೂ ಸುಮ್ಮನೆ ಹೊತ್ತುಕೊಂಡರೆ ಏನಾಗುತ್ತದೆಂದು ಮೇಲೆ ಲೆಕ್ಕ ಹಾಕಿದ್ದೇವೆ. ನೇರ ಜಂಟಿ ನಿರ್ದೇಶಕರಿಗೆ ದೂರು ಬರೆಯುವುದು ಮೂರನೆಯದು. ಪ್ರಾಂಶುಪಾಲರ ಮೂಲಕ ಹೋಗದ ಪತ್ರ ಅಲ್ಲಿಂದ ಅವರ ಮೇಜಿಗೇ ವಾಪಸು ಬರುತ್ತದೆ, ಆಮೇಲೆ ಮಾತು ಕಷ್ಟ. ಹೊಂದುವುದು ಮನವಿ ಪತ್ರ, ಅದರ ಹಿಂದೆ ನಾಲ್ಕು ವಾರದ ಲೆಕ್ಕ. ಒಂದು ಹಾಳೆಯಲ್ಲಿ ನಾಲ್ಕು ಕಲಂ ಗೆರೆ ಹಾಕಿ: ದಿನಾಂಕ, ಸಮಿತಿ, ಎಷ್ಟು ಗಂಟೆ, ತಪ್ಪಿದ ಮತ್ತು ಸರಿದೂಗಿಸಿದ ತರಗತಿ. ನಂತರ ಹೀಗೆ ಬರೆಯಬಹುದು:

"ಮಾನ್ಯರೇ, ಉಲ್ಲೇಖಿತ ಕಚೇರಿ ಆದೇಶದಂತೆ ನನಗೆ ಒಂಬತ್ತು ಸಮಿತಿಗಳ ಜವಾಬ್ದಾರಿ ವಹಿಸಲಾಗಿದ್ದು, ಅದರಂತೆ ಕಾರ್ಯ ನಿರ್ವಹಿಸುತ್ತಿದ್ದೇನೆ. ಇವುಗಳಲ್ಲಿ ಆಂತರಿಕ ದೂರು ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ಯುಜಿಸಿ 2015ರ ನಿಯಮಾವಳಿಯಂತೆ ಹಾಗೂ ವಿದ್ಯಾರ್ಥಿ ಕುಂದುಕೊರತೆ ಸಮಿತಿಯ ಸದಸ್ಯತ್ವಕ್ಕೆ 2023ರ ನಿಯಮಾವಳಿಯಂತೆ ನಾನು ಅರ್ಹಳಲ್ಲದ ಕಾರಣ, ಈ ಎರಡೂ ಸಮಿತಿಗಳನ್ನು ಪುನರ್ ರಚಿಸಲು ಕೋರುತ್ತೇನೆ. ಬೋಧನಾ ಅವಧಿಗೆ ಆಗುತ್ತಿರುವ ಅಡಚಣೆಯ ವಿವರ ಲಗತ್ತಿಸಿದೆ. ಎನ್ಎಸ್ಎಸ್, ಐಕ್ಯೂಎಸಿ ಮತ್ತು ನ್ಯಾಕ್ ಐದನೇ ಮಾನದಂಡದ ಕಾರ್ಯವನ್ನು ಪೂರ್ಣವಾಗಿ ನಿರ್ವಹಿಸಲು ಸಿದ್ಧಳಿದ್ದು, ಉಳಿದ ಸಮಿತಿಗಳಿಂದ ನನ್ನನ್ನು ಬಿಡುಗಡೆ ಮಾಡಬೇಕೆಂದು ವಿನಂತಿಸುತ್ತೇನೆ."

ನಿಮ್ಮ ಜಾಗಕ್ಕೆ ಇಂಥವರನ್ನು ಹಾಕಿ ಎಂದು ಸಹೋದ್ಯೋಗಿಯ ಹೆಸರು ಬರೆಯಬೇಡಿ, ಊಟದ ಕೋಣೆಯಲ್ಲಿ ಮುಖ ನೋಡಬೇಕಲ್ಲ. ಬೇಕಿದ್ದರೆ ಸಾಂಸ್ಕೃತಿಕ ಮತ್ತು ಕ್ರೀಡಾ ಸಮಿತಿಗಳನ್ನು ಒಂದುಮಾಡಬಹುದು, ವೇಳಾಪಟ್ಟಿಯನ್ನು ಪರೀಕ್ಷಾ ಸಮಿತಿಗೇ ಸೇರಿಸಬಹುದು ಎಂಬ ಸಲಹೆ ಕೊಡಿ. ಕಾನೂನಿನ ಸಮಿತಿಗಳನ್ನು ಮಾತ್ರ ಒಂದಕ್ಕೊಂದು ಸೇರಿಸುವಂತಿಲ್ಲ, ಒಂದೊಂದರ ರಚನೆಯೂ ಬೇರೆ. ಪತ್ರವನ್ನು ಆವಕ ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಂಖ್ಯೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಹದಿನೈದು ದಿನ ಬಿಟ್ಟು ಒಂದು ಜ್ಞಾಪನ. ಅದಕ್ಕೂ ಬಾರದಿದ್ದರೆ ಆಂತರಿಕ ದೂರು ಸಮಿತಿಯ ವಿಷಯ ಒಂದನ್ನೇ ಪ್ರತ್ಯೇಕಿಸಿ, ಪ್ರಾಂಶುಪಾಲರ ಮೂಲಕವೇ ಜಂಟಿ ನಿರ್ದೇಶಕರಿಗೆ.

ಎನ್ಎಸ್ಎಸ್ ಉಳಿಸಿಕೊಳ್ಳಿ ಎಂದದ್ದಕ್ಕೆ ಕಾರಣವಿದೆ. ನೂರು ಸ್ವಯಂಸೇವಕರ ಘಟಕ, ವರ್ಷಕ್ಕೆ 120 ಗಂಟೆಯ ಕೆಲಸ, ಏಳು ದಿನದ ಶಿಬಿರ, ಹೌದು, ಭಾರವೇ. ಆದರೆ ಪ್ರತಿ ಗಂಟೆಗೂ ದಾಖಲೆ ಹುಟ್ಟುವ ಕೆಲಸ ಅದು, ಬಡ್ತಿ ಕಡತದಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಶಿಬಿರದ ದಿನಾಂಕವನ್ನು ಅಡಿಕೆ ಕೊಯ್ಲು ಮುಗಿದ ಮೇಲೆ ಇಡಿ. ಕೊಯ್ಲಿನ ಸಮಯದಲ್ಲಿ ಹಳ್ಳಿಯಲ್ಲಿ ಶಾಲೆ ಬಿಟ್ಟುಕೊಡುವವರೂ ಅಡುಗೆಗೆ ಕೈಹಾಕುವವರೂ ಅಂಗಳದಲ್ಲಿ ಅಡಿಕೆ ಸುಲಿಯುತ್ತಿರುತ್ತಾರೆ, ನಿಮ್ಮ ಸ್ವಯಂಸೇವಕರಲ್ಲಿ ಅರ್ಧ ಜನವೂ ಅಲ್ಲೇ.

ಮನವಿ ಕೊಡುವ ಸಮಯವೂ ಮುಖ್ಯ. ಸೆಮಿಸ್ಟರ್ ಮಧ್ಯದಲ್ಲಿ ಪಟ್ಟಿ ಬದಲಿಸಲು ಯಾರಿಗೂ ಇಷ್ಟವಿರುವುದಿಲ್ಲ. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಹಾಕುವ ಹತ್ತು ದಿನ ಮೊದಲು ನಿಮ್ಮ ಪತ್ರ ಮೇಜಿನ ಮೇಲಿರಲಿ. ಬಿಡುಗಡೆ ಆದೇಶ ಸಿಕ್ಕಿದರೆ ಪ್ರತಿ ಸಮಿತಿಯ ಕಡತ, ನಡಾವಳಿ ಪುಸ್ತಕ, ಬಾಕಿ ಬಿಲ್ಲುಗಳ ಪಟ್ಟಿಯನ್ನು ಎರಡು ಪ್ರತಿಯಲ್ಲಿ ಮಾಡಿ, ಕೊನೆಯ ಪುಟದ ಸಂಖ್ಯೆ ಬರೆದು, ಚಾರ್ಜ್ ತೆಗೆದುಕೊಳ್ಳುವವರ ಸಹಿ ಪಡೆದು ಒಂದನ್ನು ಮನೆಯಲ್ಲಿಡಿ.